ಸಾಲ ಕಡಿಮೆ ಇರುವ ಬದಿ

ನಮ್ಮ ಪುಟ್ಟನಿಗೆ ಇನ್ನೂ ಒಂದು ಹಲ್ಲೂ ಬಂದಿಲ್ಲ, ಆಗಲೇ ಅವನು ಸಾಲಗಾರ. ಈ ವಿಷಯ ನನಗೆ ತಿಳಿದದ್ದು ನಾನು ಬೆಳಗಿನ ಹೊತ್ತು ಕೆಲಸ ಮಾಡುವ ದಂತವೈದ್ಯರ ಕ್ಲಿನಿಕ್ಕಿನಲ್ಲಿ. ಬಂದವರ ಹೆಸರು ಬರೆದುಕೊಳ್ಳುವುದು, ಹೆದರಿದವರಿಗೆ ನೀರು ಕೊಡುವುದು ನನ್ನ ಉದ್ಯೋಗ. ಯಾರೂ ಹೆದರದ ಹೊತ್ತಿನಲ್ಲಿ ಅಲ್ಲಿನ ಪತ್ರಿಕೆಗಳನ್ನು ತಿರುವಿಹಾಕುತ್ತೇನೆ. ಒಂದರಲ್ಲಿ ಯಾರೋ ಅರ್ಥಶಾಸ್ತ್ರಜ್ಞರು ಒಂದೊಂದು ರಾಜ್ಯದ ಸಾಲವನ್ನೂ ಅಲ್ಲಿನ ಜನರಿಗೆಲ್ಲ ಹಂಚಿ, ತಲೆಗೆಷ್ಟು ಬೀಳುತ್ತದೆಂದು ಲೆಕ್ಕ ಕಟ್ಟಿದ್ದರು. ನಮ್ಮ ರಾಜ್ಯದ ಲೆಕ್ಕವನ್ನು ಎರಡೆರಡು ಸಲ ಓದಿದೆ. ಪುಟ್ಟನ ತಲೆಯಾದರೂ ಎಷ್ಟು ದೊಡ್ಡದು? ನೆತ್ತಿಯೇ ಇನ್ನೂ ಕೂಡಿಲ್ಲ. ಅದರ ಮೇಲೆ ಅಷ್ಟು ಭಾರ.

ಪಕ್ಕದ ರಾಜ್ಯದ ತಲಾ ಸಾಲ ನಮ್ಮದರ ಅರ್ಧದಷ್ಟೂ ಇರಲಿಲ್ಲ. ಪಕ್ಕದ ರಾಜ್ಯವೆಂದರೆ ನಮಗೆ ದೂರವೇನಲ್ಲ, ಗಡಿ ನಮ್ಮ ಬೀದಿಯ ನಡುಮಧ್ಯೆಯೇ ಹಾದುಹೋಗುತ್ತದೆ. ಈ ಬದಿಯ ದೀಪದ ಕಂಬ ನಮ್ಮ ಸರ್ಕಾರದ್ದು, ಎದುರು ಬದಿಯದು ಅವರದು. ಕಸದ ಗಾಡಿಗಳು ಎರಡು ಬರುತ್ತವೆ, ಒಂದರ ಕಸವನ್ನು ಇನ್ನೊಂದು ಮುಟ್ಟುವುದಿಲ್ಲ. ಬೀದಿಯ ನಡುವಿನ ಗುಂಡಿಯನ್ನು ಯಾರು ಮುಚ್ಚಬೇಕೆಂಬ ಪತ್ರವ್ಯವಹಾರ ನನ್ನ ಮದುವೆಗಿಂತ ಹಳೆಯದು. ಅಂದಮೇಲೆ ಮಗುವನ್ನು ಸಾಲದಿಂದ ಪಾರುಮಾಡಲು ನಾವು ಮಾಡಬೇಕಾದದ್ದು ಇಷ್ಟೇ: ಗುಂಡಿ ಬಳಸಿಕೊಂಡು ಬೀದಿ ದಾಟುವುದು.

ನನ್ನ ಯಜಮಾನರು ಕನ್ನಡಕದ ಅಂಗಡಿಯಲ್ಲಿ ಕಣ್ಣು ಪರೀಕ್ಷೆ ಮಾಡುವವರು. ಎದುರು ಕೂತವರಿಗೆ ಇಡೀ ದಿನ ಗಾಜು ಬದಲಿಸಿ ಬದಲಿಸಿ ‘ಇದು ಸ್ಪಷ್ಟವೋ, ಅದು ಸ್ಪಷ್ಟವೋ’ ಎಂದು ಕೇಳಿ ಕೇಳಿ, ಮನೆಗೆ ಬರುವಷ್ಟರಲ್ಲಿ ಅವರಿಗೆ ಯಾವುದರಲ್ಲೂ ವ್ಯತ್ಯಾಸ ಕಾಣಿಸುವುದಿಲ್ಲ. ನಾನು ಎರಡೂ ರಾಜ್ಯಗಳ ಆರ್ಥಿಕ ಸ್ಥಿತಿಗತಿಯನ್ನು ಅವರ ಮುಂದೆ ಮಂಡಿಸಿದೆ.

“ರೀ, ಆ ಕಡೆ ಕರೆಂಟು ಅಗ್ಗ. ಪೆಟ್ರೋಲೂ ಅಗ್ಗ.”

“ಹಾಲು?”

“ಸ್ವಲ್ಪ ಜಾಸ್ತಿ. ಆದ್ರೆ ಪುಟ್ಟ ಇನ್ನೂ ನನ್ನ ಹಾಲೇ ಕುಡಿಯೋದು. ಅದಕ್ಕೆ ಎರಡೂ ಕಡೆ ತೆರಿಗೆ ಇಲ್ಲ.”

“ಸಾಲ ಸರ್ಕಾರದ್ದು ಕಣೇ. ಯಾರೂ ಬಂದು ಇವನ ತೊಟ್ಟಿಲು ಜಪ್ತಿ ಮಾಡಲ್ಲ.”

ಜಪ್ತಿ ಮಾಡಿದ ಮೇಲೆ ನೋಡಿಕೊಳ್ಳೋಣ ಎನ್ನುವುದು ತಂದೆಯಾದವನ ಮಾತೇ ಎಂದು ಕೇಳಿದೆ. ಹಾಗೆ ತಾನು ಹೇಳಲೇ ಇಲ್ಲವೆಂದರು. ಹೇಳದಿದ್ದರೂ ಮುಖದ ಮೇಲಿತ್ತೆಂದು ನಾನು ಕಣ್ಣೀರು ಒರೆಸಿಕೊಂಡೆ. (ಕಣ್ಣಿನ ವ್ಯವಹಾರದಲ್ಲಿರುವವರು ಕಣ್ಣೀರಿಗೆ ಬೇಗ ಸೋಲುತ್ತಾರೆ.) ಆ ವಾರವೇ ಎದುರು ಬದಿಯಲ್ಲಿ ಎರಡು ಕೋಣೆಯ ಮನೆಗೆ ಮುಂಗಡ ಕೊಟ್ಟೆವು.

ಅತ್ತೆ ಮಾತ್ರ ಜಗ್ಗಲಿಲ್ಲ. ಅವರು ನಮ್ಮ ಮನೆಯ ಮುಂದಿನ ಕೋಣೆಯಲ್ಲಿ ಹೊಲಿಗೆ ಮಿಷನ್ನು ಇಟ್ಟುಕೊಂಡು ಬೀದಿಯ ಅರ್ಧ ಜನಕ್ಕೆ ಬಟ್ಟೆ ಹೊಲಿಯುವವರು. ನಾನು ಕ್ಲಿನಿಕ್ಕಿಗೆ ಹೋದಾಗ ಪುಟ್ಟನನ್ನು ನೋಡಿಕೊಳ್ಳುವವರೂ ಅವರೇ. ತಲಾ ಸಾಲದ ವಿಷಯವನ್ನು ಬಿಡಿಸಿ ಹೇಳಿದೆ. ಬಾಯಲ್ಲಿ ಕಚ್ಚಿಕೊಂಡಿದ್ದ ಗುಂಡುಸೂಜಿಗಳನ್ನು ಒಂದೊಂದಾಗಿ ತೆಗೆದಿಟ್ಟು, “ನೀವು ಹೋಗ್ಬನ್ನಿ. ಮಿಷನ್ನು ಇಲ್ಲಿರುತ್ತೆ, ಮಿಷನ್ನಿನ ಜೊತೆ ನಾನಿರ್ತೀನಿ,” ಎಂದರು. ಮೊಮ್ಮಗನನ್ನು ಬಿಟ್ಟು ಎಷ್ಟು ದಿನ ಇರುತ್ತಾರೆ, ತಾವಾಗಿಯೇ ಬರುತ್ತಾರೆ ಎಂದು ನನಗೆ ಧೈರ್ಯವಿತ್ತು.

ಕ್ಲಿನಿಕ್ಕಿಗೆ ಕೆಲವು ವಾರ ರಜೆ ಹಾಕಿ ಬೀದಿ ದಾಟಿದ್ದಾಯಿತು. ಮಂಚ ಸುಲಭವಾಗಿ ದಾಟಿತು. ಸ್ಕೂಟರು ದಾಟುವಾಗ ಮಾತ್ರ, ಬೇರೆ ರಾಜ್ಯದ ವಾಹನವಾದ್ದರಿಂದ ರಸ್ತೆ ತೆರಿಗೆಯನ್ನು ಹೊಸದಾಗಿ ಕಟ್ಟಬೇಕೆಂದು ಬೀದಿಯ ಕೊನೆಯಲ್ಲಿರುವ ಸಾರಿಗೆ ಕಚೇರಿಯವರು ಹೇಳಿದರು. ಯಾವ ರಸ್ತೆ ಎಂದು ಯಜಮಾನರು ಕೇಳಿದರಂತೆ. ಕಚೇರಿಯವರು ಕಿಟಕಿಯಿಂದ ಗುಂಡಿಯ ಕಡೆ ಕೈ ತೋರಿಸಿದರಂತೆ.

ಇದೆಲ್ಲ ಒಂದು ಸಲದ ಖರ್ಚು ಎಂದುಕೊಂಡೆ. ನಿಜವಾದ ಪೇಚು ಶುರುವಾದದ್ದು ಪುಟ್ಟನ ಮಧ್ಯಾಹ್ನದ ನಿದ್ದೆಯಿಂದ. ಹುಟ್ಟಿದಂದಿನಿಂದ ಅವನು ಮಲಗಿದ್ದು ಮಿಷನ್ನಿನ ಕಟಕಟ ಕೇಳಿಕೊಂಡು. ಈ ಋಣಮುಕ್ತ ಮನೆಯ ನಿಶ್ಶಬ್ದದಲ್ಲಿ ಅವನು ಕಣ್ಣೇ ಮುಚ್ಚಲಿಲ್ಲ. ನಾನು ಲಾಲಿ ಹಾಡಿದೆ, ಚಮಚದಿಂದ ತಟ್ಟೆ ಬಡಿದೆ, ನಾನೇ ಬಾಯಲ್ಲಿ ಕಟಕಟ ಎಂದೆ. ಅವನು ನನ್ನನ್ನು ಕನಿಕರದಿಂದ ನೋಡಿದ. ಕೊನೆಗೆ ಅವನನ್ನು ನಿದ್ದೆಗೆಂದು ಅತ್ತೆಯ ಬಳಿಗೆ ಕಳಿಸಲೇಬೇಕಾಯಿತು. ಅಂಗಡಿಯ ಮಧ್ಯಾಹ್ನದ ಬಿಡುವಿನಲ್ಲಿ ಅವನನ್ನು ಬಿಟ್ಟುಬರಲು ಹೋದ ಯಜಮಾನರು ಅಲ್ಲೇ ಊಟ ಮುಗಿಸಿದರು. ಊಟವಾದ ಮೇಲೆ ಅಲ್ಲಿನ ಫ್ಯಾನಿನ ಕೆಳಗೆ ಕಾಲು ಚಾಚಿದರು. ಒಂದೆರಡು ವಾರದಲ್ಲಿ ಮಗುವಿನ ಬಟ್ಟೆಗಳೂ ಅಪ್ಪನ ಚಪ್ಪಲಿಯೂ ಒಂದೊಂದಾಗಿ ತಾಯ್ನಾಡಿಗೆ ಮರಳಿದ್ದವು.

ನಮ್ಮಲ್ಲೀಗ ಎರಡು ಮನೆ ಬಾಡಿಗೆ, ಎರಡು ಕರೆಂಟು ಬಿಲ್ಲು, ಎರಡು ಸರ್ಕಾರದ ಕಸದ ಶುಲ್ಕ. ಒಂದು ರಾಜ್ಯದ ಹೊರೆ ತಪ್ಪಿಸಿಕೊಳ್ಳಲು ಹೊರಟ ಸಂಸಾರ ಎರಡು ರಾಜ್ಯಗಳನ್ನು ಸಾಕತೊಡಗಿತ್ತು. ಅದನ್ನಾದರೂ ಸಹಿಸುತ್ತಿದ್ದೆನೇನೋ. ಒಂದು ಸಂಜೆ ಪುಟ್ಟನನ್ನು ಎತ್ತಿಕೊಂಡು ಬರುವಾಗ ಅವನು ಬೀದಿಯ ನಡುವೆಯೇ ಹಿಂದಕ್ಕೆ ಕೈಚಾಚಿ ಅತ್ತ. ನನ್ನ ಹೆಗಲ ಮೇಲಿದ್ದುಕೊಂಡೇ ಮನೆಗೆ ಹೋಗಬೇಕೆಂದು ಅಳುತ್ತಿದ್ದ. ಅಂದೇ ನಿರ್ಧರಿಸಿದೆ: ವಾಪಸು ಹೋಗುವುದು.

ಸೋತೆನೆಂದು ಹೇಳದೆ ಸೋಲುವುದು ಹೇಗೆಂದು ಯೋಚಿಸಿ, ‘ಅತ್ತೆ, ನಿಮಗೊಬ್ಬರಿಗೇ ಬೇಜಾರಾಗುತ್ತೆ ಅಂತ ನಾವೇ ಬಂದುಬಿಡ್ತೀವಿ’ ಎಂಬ ಉದಾರವಾದ ಮಾತನ್ನು ಕನ್ನಡಿಯ ಮುಂದೆ ಅಭ್ಯಾಸ ಮಾಡಿಕೊಂಡು ಹೋದೆ. ಮುಂದಿನ ಕೋಣೆಯಲ್ಲಿ ತುಂಬು ಬಸುರಿಯೊಬ್ಬಳು ಕೂತಿದ್ದಳು. ಪುಟ್ಟ ಅವಳ ಬಳೆ ಚೀಪುತ್ತಿದ್ದ.

“ಬಾ, ಸರಿಯಾದ ಹೊತ್ತಿಗೆ ಬಂದೆ,” ಎಂದರು ಅತ್ತೆ. “ಎರಡೆರಡು ಬಾಡಿಗೆ ನಿಮಗೂ ಕಷ್ಟ ಅಲ್ವಾ. ಅದಕ್ಕೇ ಓನರ್ ಹತ್ರ ಮಾತಾಡಿ ನಿಮ್ಮ ಕೋಣೆ ಇವಳಿಗೂ ಇವಳ ಗಂಡನಿಗೂ ಕೊಟ್ಟೆ. ಎದುರು ಬದಿಯವರೇ.”

ಈ ಕಡೆಗೆ ಬಂದದ್ದೇಕೆಂದು ಅವಳನ್ನು ಕೇಳಿದೆ. ಎಲ್ಲವನ್ನೂ ಹೋಲಿಸಿ ನೋಡಿದೆ ಅಕ್ಕ ಎಂದು ಶುರುಮಾಡಿದಳು. ಆ ಕಡೆ ಹಾಲು ದುಬಾರಿ, ನೀರು ದುಬಾರಿ, ಹೆರಿಗೆಗೆ ಸರ್ಕಾರಿ ಆಸ್ಪತ್ರೆ ಹತ್ತಿರದಲ್ಲೆಲ್ಲೂ ಇಲ್ಲ. ಅವಳ ಕಣ್ಣಿನಲ್ಲಿದ್ದ ಆತಂಕ ನನಗೆ ಚಿರಪರಿಚಿತ.

“ಆದ್ರೆ ಈ ಕಡೆ ಸಾಲ ಜಾಸ್ತಿ ಅಂತಾರಲ್ಲ?” ಎಂದೆ, ಕೊನೆಯ ಅಸ್ತ್ರವಾಗಿ.

“ಹೌದಕ್ಕ. ಸಾಲ ಮಾಡಿದಾರೆ, ಆಸ್ಪತ್ರೆ ಕಟ್ಟಿದಾರೆ. ಆ ಕಡೆಯವರು ಎರಡೂ ಮಾಡಿಲ್ಲ,” ಎಂದು ಅವಳು ಪುಟ್ಟನ ಬೆನ್ನು ತಟ್ಟಿದಳು. “ಅಂದಹಾಗೆ ನೀವು ಯಾಕೆ ಆ ಕಡೆ ಹೋದ್ರಿ?”

ಗಾಳಿ ಬೆಳಕು ಚೆನ್ನಾಗಿದೆ ಎಂದೆ. ಅತ್ತೆ ಮಿಷನ್ನು ತುಳಿಯತೊಡಗಿದರು. ಪುಟ್ಟ ಆ ಹುಡುಗಿಯ ತೊಡೆಯ ಮೇಲೆಯೇ ಕಣ್ಣು ಮುಚ್ಚಿದ.

“ಏನೋ ಹೇಳೋಕೆ ಬಂದಿದ್ದೆ ಅನ್ಸುತ್ತೆ,” ಎಂದರು ಅತ್ತೆ.

“ಏನಿಲ್ಲ ಅತ್ತೆ. ನನಗೊಂದು ನೈಟಿ ಹೊಲಿಸ್ಬೇಕಿತ್ತು.”

ಅತ್ತೆ ಮಿಷನ್ನು ನಿಲ್ಲಿಸಿ, ಕನ್ನಡಕದ ಮೇಲಿಂದ ನನ್ನನ್ನು ನೋಡಿದರು.

“ಧಾರಾಳವಾಗಿ ಹೊಲಿದು ಕೊಡ್ತೀನಿ. ಆದ್ರೆ ಆ ಬದಿಯವರಿಗೆ ಕೂಲಿ ಒಂದಿಷ್ಟು ಜಾಸ್ತಿ ಕಣೇ. ಸೊಸೆ ಅಂತ ನಿನಗೊಬ್ಬಳಿಗೆ ಬಿಟ್ರೆ ಉಳಿದ ಗಿರಾಕಿಗಳು ಸುಮ್ನಿರ್ತಾರಾ?”