ಸೋಫಾ ದಾಟಿ ಹೋದ ನಾಲ್ವರ ಪರವಾಗಿ ಒಂದು ಅರಿಕೆ

ಇವರಿಗೆ,
ಗೌರವ ಕಾರ್ಯದರ್ಶಿಗಳು,
ನಗರ ಸೈಕಲ್ ಸವಾರರ ಸಂಘ.

ವಿಷಯ: ಕಳೆದುಹೋದರೆಂದು ತಾವು ಮೈಕಿನಲ್ಲಿ ಸಾರಿದ ನಾಲ್ವರು ಹೆಂಗಸರು ಮುಂದೆ ಇದ್ದ ಬಗ್ಗೆ.

ಮಾನ್ಯರೇ,

ತಾವು ಕ್ಷೇಮವೆಂದು ನಂಬಿದ್ದೇನೆ. ತಮ್ಮ ಜೀಪು, ಅದರ ನೆತ್ತಿಯ ಮೇಲಿನ ಮೈಕು, ಹಾಗೂ ಕಳೆದ ತಿಂಗಳು ನಮ್ಮನ್ನು ಹುಡುಕುವ ಭರದಲ್ಲಿ ಚರಂಡಿಗೆ ಇಳಿದ ಅದರ ಎಡಗಡೆಯ ಚಕ್ರ, ಇವೂ ಕ್ಷೇಮವಾಗಿರಲೆಂದು ಹಾರೈಸುತ್ತೇನೆ. ಸೈಕಲ್ ಸಂಘದ ಕಾರ್ಯದರ್ಶಿಗಳು ಸದಾ ಜೀಪಿನಲ್ಲೇ ಏಕೆ ಓಡಾಡುತ್ತಾರೆ ಎಂದು ಕೆಲವು ನಾಲಗೆಗಳು ಕೇಳುವುದುಂಟು. ಅಂಥವರಿಗೆ ನಾನು, ಈಜು ಕೊಳದ ಕಾವಲುಗಾರರೇನು ಇಡೀ ದಿನ ನೀರಿನಲ್ಲೇ ಇರುತ್ತಾರೆಯೇ ಎಂದು ಕೇಳಿ ಬಾಯಿ ಮುಚ್ಚಿಸಿದ್ದೇನೆ. ತಮ್ಮ ಪರವಾಗಿ ಇಷ್ಟಾದರೂ ಮಾಡಿರುವವಳು ಎಂಬ ಸಲುಗೆಯಿಂದ ಈ ಪತ್ರ ಬರೆಯುತ್ತಿದ್ದೇನೆ.

ಮೊದಲು ನನ್ನ ಪರಿಚಯ. ನಾನು ಆಸ್ಪತ್ರೆಯ ಲ್ಯಾಬಿನಲ್ಲಿ ರಕ್ತ ತೆಗೆಯುವವಳು. ದಿನಕ್ಕೆ ಐವತ್ತು ಜನರ ತೋಳು ಹಿಡಿದು, "ಏನಿಲ್ಲ, ಇರುವೆ ಕಚ್ಚಿದ ಹಾಗಾಗುತ್ತೆ ಅಷ್ಟೇ" ಎಂದು ಸುಳ್ಳು ಹೇಳುವುದು ನನ್ನ ವೃತ್ತಿ. ಪ್ರತಿ ಭಾನುವಾರ ಬೆಳಿಗ್ಗೆ ನನ್ನ ಜೊತೆ ಇನ್ನೂ ಮೂವರು ಸೈಕಲ್ ತುಳಿಯುತ್ತಾರೆ. ಒಬ್ಬರು ಅರವತ್ತಮೂರು ದಾಟಿದ, ನಿವೃತ್ತರಾದ ಮೇಲೂ ದಾರಿಹೋಕರ ಮಗ್ಗಿ ತಿದ್ದುವ ಲೆಕ್ಕದ ಮೇಡಂ. ಇನ್ನೊಬ್ಬಳು ನನ್ನ ನಾದಿನಿ, ವೃತ್ತಿಯಿಂದ ಟೈಲರ್, ಚೈನಿಗೆ ಸಿಕ್ಕಿಕೊಳ್ಳದ ಪ್ಯಾಂಟುಗಳನ್ನು ನಮಗೆಲ್ಲ ಹೊಲಿದುಕೊಟ್ಟ ಪುಣ್ಯಾತ್ಗಿತ್ತಿ. ಮೂರನೆಯವಳು ಅಂಚೆ ಹಂಚುವವಳು; ನಾವು ಕರೆಯುವುದು ಪೋಸ್ಟಕ್ಕ ಎಂದು. ವಯಸ್ಸಿನಲ್ಲಿ ನಮ್ಮೆಲ್ಲರಿಗಿಂತ ಚಿಕ್ಕವಳಾದರೂ ತುಳಿಯುವುದರಲ್ಲಿ ಅಕ್ಕನೇ. ಊರಿನ ಅತಿ ದೂರದ ಬೀಟು ಅವಳದು: ದಿನಕ್ಕೆ ಇಪ್ಪತ್ತೆಂಟು ಕಿಲೋಮೀಟರ್, ಕೊನೆಯ ನಾಲ್ಕು ಗುಡ್ಡದ ಏರು, ಹೆಗಲಿಗೆ ಚೀಲ.

ನಾವು ನಾಲ್ವರು ಸವಾರಿಗೆ ಹೊರಟರೆ ಒಂದು ಪದ್ಧತಿ ಇದೆ. ಮುಂದಿನವಳು ಹೋದ ಕಡೆಗೆ ಹಿಂದಿನವರು ಹೋಗಬೇಕು, ಪ್ರಶ್ನೆ ಕೇಳಬಾರದು. ಎಲ್ಲರಿಗಿಂತ ಹಿಂದಿರುವವಳು ಎರಡು ಸಲ ಬೆಲ್ ಹೊಡೆದರೆ ಮಾತ್ರ ನಿಲ್ಲಬೇಕು. ಹಿಂದೊಮ್ಮೆ ಸರ್ಕಲ್ಲಿನಲ್ಲಿ "ನಿಲ್ಲೋಣ್ವಾ?" ಎಂದು ಒಬ್ಬಳು ಕೇಳಿ, ನಾಲ್ವರಿಂದ ಐದು ಅಭಿಪ್ರಾಯ ಬಂದು, ಮೂರು ಹ್ಯಾಂಡಲ್ಲುಗಳು ಒಂದಕ್ಕೊಂದು ತಗುಲಿಕೊಂಡ ಮೇಲೆ ಮಾಡಿಕೊಂಡ ಕಟ್ಟಳೆ ಇದು. ತಮಗೆ ಆ ಭಾನುವಾರ ಉಂಟಾದ ತೊಂದರೆಗೆಲ್ಲ ಇದೇ ಮೂಲವೆಂದು ತಲೆ ತಗ್ಗಿಸಿ ಒಪ್ಪಿಕೊಳ್ಳುತ್ತೇನೆ.

ತಮ್ಮ ಸಂಘದ ವಾರ್ಷಿಕ ಸ್ಪರ್ಧೆಯ ಕರಪತ್ರದಲ್ಲಿ ಗಂಡಸರಿಗೆ 'ಉಕ್ಕಿನ ಸವಾರಿ', ಅರವತ್ತು ಕಿಲೋಮೀಟರ್ ಎಂದಿತ್ತು. ಹೆಂಗಸರಿಗೆ 'ಸೌಮ್ಯ ಸವಾರಿ', ಅದೇ ಮಾರ್ಗ ಎಂದಿತ್ತು. ಹೆಸರು ಸ್ವಲ್ಪ ಸಪ್ಪೆಯಾದರೂ ಮಾರ್ಗ ಅದೇ ತಾನೇ ಎಂದು ನಾವು ಹೆಸರು ಕೊಟ್ಟೆವು. ಆ ಅದೇ ಮಾರ್ಗದಲ್ಲಿ ಹೆಂಗಸರ ಪಾಲಿಗೆ ಬರುವುದು ಮೊದಲ ಐದು ಕಿಲೋಮೀಟರ್ ಮಾತ್ರ ಎಂಬ ಸಂಗತಿಯನ್ನು ತಾವು ಕರಪತ್ರದಲ್ಲಿ ಹಾಕಿ ನಮ್ಮನ್ನು ಹೆದರಿಸದೆ, ಐದು ಮುಗಿದ ಮೇಲೆ ತಾನಾಗಿ ತಿಳಿಯಲೆಂದು ಗುಟ್ಟಾಗಿ ಇಟ್ಟಿದ್ದಿರಿ. ತಮ್ಮ ಕರುಣೆ ದೊಡ್ಡದು. ಗಂಡಸರ ಬೆನ್ನಿಗೆ ಸಂಖ್ಯೆಯ ಚೀಟಿ, ನಮ್ಮ ಬೆನ್ನಿಗೆ ಹೂವಿನ ಚಿತ್ರದ ಚೀಟಿ ಪಿನ್ ಮಾಡಿಸಿದಿರಿ. ಪೋಸ್ಟಕ್ಕನಿಗೆ ದಾಸವಾಳ, ಮೇಡಮ್ಮಿಗೆ ಮಲ್ಲಿಗೆ, ನಾದಿನಿಗೆ ಸೇವಂತಿಗೆ, ನನಗೆ ಸೂರ್ಯಕಾಂತಿ. ಗಂಡಸರು ಹೊರಟು ಕಾಲು ಗಂಟೆಯಾದ ಮೇಲೆ ನಮ್ಮನ್ನು ಬಿಟ್ಟಿರಿ.

ಐದನೆಯ ಕಿಲೋಮೀಟರಿನಲ್ಲಿ ನಾವು ಕಂಡದ್ದನ್ನು ಕಂಡಂತೆಯೇ ಹೇಳುತ್ತೇನೆ. ರಸ್ತೆಗೆ ಅಡ್ಡವಾಗಿ ಬಲೂನುಗಳ ಕಮಾನು, ಅದರ ಕೆಳಗೆ ಕೆಂಪು ರಿಬ್ಬನ್ನು, ಪಕ್ಕದಲ್ಲಿ ತಟ್ಟೆಯಲ್ಲಿ ಕತ್ತರಿ ಹಿಡಿದ ಒಬ್ಬ ಗಣ್ಯರು, ಅವರ ಹಿಂದೆ ಸಾಲಾಗಿ ಆರು ಹೊಸ ಸೋಫಾಗಳು. ದಣಿದು ಬರುವ ಹೆಂಗಸರು ಕೂರಲೆಂದು ತಾವು ಅಕ್ಕರೆಯಿಂದ ಹಾಕಿಸಿದ ಸೋಫಾಗಳು ಅವು ಎಂದು ನಮಗೆ ಹೇಗೆ ಹೊಳೆಯಬೇಕು, ಸ್ವಾಮಿ? ನಮಗಿನ್ನೂ ಮೈ ಬಿಸಿಯಾಗಿರಲಿಲ್ಲ. ಪೋಸ್ಟಕ್ಕ ತನ್ನ ಬೀಟಿನಲ್ಲಿ ಮೊದಲನೆಯ ಕಾಗದ ಕೊಡುವುದೇ ಆರನೆಯ ಕಿಲೋಮೀಟರಿನಲ್ಲಿ. ಯಾವುದೋ ಫರ್ನಿಚರ್ ಅಂಗಡಿಯ ಉದ್ಘಾಟನೆ ಎಂದುಕೊಂಡ ಅವಳು ಬ್ರೇಕ್ ಹಿಡಿಯುವಷ್ಟರಲ್ಲಿ ರಿಬ್ಬನ್ನು ಅವಳ ಹ್ಯಾಂಡಲ್ಲಿಗೆ ಸಿಕ್ಕಿ ಹರಿದೇ ಹೋಯಿತು. "ಅಯ್ಯೋ, ತಪ್ಪಾಯ್ತಣ್ಣಾ, ನೀವು ಕತ್ತರಿಸೋಕೆ ಮುಂಚೆನೇ ಹರಿದ್ಬಿಟ್ಟೆ!" ಎಂದು ಕೂಗಿ, ನಾಚಿಕೆಯಿಂದ ಇನ್ನೂ ಜೋರಾಗಿ ತುಳಿದಳು. ಅವಳ ಹಿಂದೆ ನಾವು. ಎಲ್ಲರ ಹಿಂದಿದ್ದ ಲೆಕ್ಕದ ಮೇಡಂ ಬೆಲ್ ಹೊಡೆಯಬೇಕಿತ್ತಲ್ಲ ಎಂದು ತಾವು ಕೇಳಬಹುದು. ಅವರಿಗೆ ಸೋಫಾದ ಬಣ್ಣ ಹಿಡಿಸಲಿಲ್ಲವಂತೆ, ಅದಕ್ಕೇ ಹೊಡೆಯಲಿಲ್ಲ.

ಆಮೇಲೆ ನಡೆದ ಶೋಧ ಕಾರ್ಯದ ವಿವರಗಳನ್ನು ನಾನು ಬೇರೆಯವರಿಂದ ಕೇಳಿ ತಿಳಿದೆ, ಕೇಳಿ ಕಣ್ಣು ತುಂಬಿ ಬಂತು. ರಿಬ್ಬನ್ನು ಹರಿದುಕೊಂಡು ಹೋದವರನ್ನು ಗಣ್ಯರು ಕಂಡಿದ್ದರೂ, ಸೋಫಾದ ಪಕ್ಕದ ರಿಜಿಸ್ಟರಿನಲ್ಲಿ ನಾಲ್ವರ ಸಹಿ ಇಲ್ಲವೆಂದು ಕಂಡ ಕೂಡಲೇ ತಾವು ಜೀಪು ಹತ್ತಿ, ಸೋಫಾದಿಂದ ಸ್ಪರ್ಧೆ ಶುರುವಾದ ಜಾಗದವರೆಗೆ, ಮತ್ತೆ ಅಲ್ಲಿಂದ ಸೋಫಾದವರೆಗೆ, ಹೀಗೆ ಎರಡು ಬಾರಿ ಹುಡುಕಿದಿರಿ. ಮರದ ನೆರಳು, ತಂಪು ಪಾನೀಯದ ಅಂಗಡಿ, ಬ್ಯೂಟಿ ಪಾರ್ಲರ್, ಕೊನೆಗೆ ಚರಂಡಿ, ಒಂದನ್ನೂ ಬಿಡಲಿಲ್ಲ. "ನಾಲ್ಕು ಜನ ಹೆಂಗಸರು ಕಾಣ್ತಾ ಇಲ್ಲ, ಎಲ್ಲಾದ್ರೂ ಸುಸ್ತಾಗಿ ಕೂತಿದ್ರೆ ದಯವಿಟ್ಟು ತಿಳಿಸಿ" ಎಂದು ಮೈಕಿನಲ್ಲಿ ಕೂಗಿಸಿದಿರಿ. ನನ್ನ ಗಂಡನಿಗೂ ಫೋನು ಮಾಡಿ ಧೈರ್ಯ ಹೇಳಿದಿರಂತೆ. ಅವರು ಹಲ್ಲುಜ್ಜುತ್ತಲೇ, "ಹಿಂದೆ ಯಾಕ್ ಹುಡುಕ್ತೀರಾ ಸಾರ್, ಮುಂದೆ ಹುಡುಕಿ" ಎಂದರಂತೆ. ಇಪ್ಪತ್ತಾರು ವರ್ಷ ಸಂಸಾರ ಮಾಡಿದ ಅನುಭವದ ಮಾತು ಅದು. ಆದರೆ ತಾವು ಅದನ್ನು ಆಘಾತಗೊಂಡ ಗಂಡಸೊಬ್ಬನ ಬಡಬಡಿಕೆ ಎಂದು ಭಾವಿಸಿ, ಬ್ಯೂಟಿ ಪಾರ್ಲರಿನಲ್ಲಿ ಮತ್ತೊಮ್ಮೆ ವಿಚಾರಿಸಿದಿರಿ.

ನಾವು ಆಗ ಇಪ್ಪತ್ತೆಂಟನೆಯ ಕಿಲೋಮೀಟರಿನಲ್ಲಿ ಉಕ್ಕಿನವರ ಬಾಲ ಹಿಡಿದಿದ್ದೆವು. ಮುಂದಿನ ದಾರಿಯಲ್ಲಿ ಒಬ್ಬೊಬ್ಬರೇ ಸಿಕ್ಕರು, ಒಬ್ಬೊಬ್ಬರೇ ಹಿಂದಾದರು. ಕನ್ನಡಕದ ಮೇಲೆ ಕನ್ನಡಕ ಹಾಕಿದ್ದ ಒಬ್ಬರು ಮೇಡಮ್ಮಿನ ಬಳಿ ಬಂದು, "ಅಮ್ಮಾ, ದಾರಿ ತಪ್ಪಿದ್ರಾ?" ಎಂದು ಕನಿಕರದಿಂದ ಕೇಳಿದರು. ಇದೇ ಮಹನೀಯರು ಏರಿನಲ್ಲಿ ಸೈಕಲ್ಲನ್ನು ತಳ್ಳಿಕೊಂಡು ಹೋಗುತ್ತಿದ್ದಾಗ ಮೇಡಂ ನಿಧಾನವಾಗಿ ಪಕ್ಕದಲ್ಲಿ ಹಾದುಹೋಗಿ, "ನೀವು ತಪ್ಪಿಲ್ಲ ಬಿಡಿ, ದಾರಿ ಇದೇನೇ" ಎಂದು ಸಮಾಧಾನ ಹೇಳಿದರು. ಅರವತ್ತಕ್ಕೆ ಅರಳುಮರಳು ಎಂಬ ಗಾದೆಯನ್ನು ಅವರು ವಯಸ್ಸಿಗೂ ಒಪ್ಪುವುದಿಲ್ಲ, ಕಿಲೋಮೀಟರಿಗೂ ಒಪ್ಪುವುದಿಲ್ಲ.

ಗುರಿ ಮುಟ್ಟಿದಾಗ ಅಲ್ಲಿ ಸೋಫಾ ಇರಲಿಲ್ಲ, ನೆಲದ ಮೇಲೆ ಸುಣ್ಣದ ಒಂದು ಗೆರೆ ಮಾತ್ರ ಇತ್ತು. ಪೋಸ್ಟಕ್ಕ ಹನ್ನೊಂದನೆಯವಳಾಗಿ ಆ ಗೆರೆ ದಾಟಿದಳು, ನಾವು ಮೂವರೂ ಇಪ್ಪತ್ತರ ಆಸುಪಾಸಿನಲ್ಲಿ. ಒಟ್ಟು ಹೊರಟ ಗಂಡಸರು ಐವತ್ತೆರಡು ಮಂದಿ. ಅಲ್ಲಿ ಹೆಸರು ಬರೆದುಕೊಳ್ಳುತ್ತಿದ್ದ ನಿವೃತ್ತ ಗುಮಾಸ್ತರು ಬಹಳ ಒಳ್ಳೆಯವರು. ಅವಳ ಬೆನ್ನು ನೋಡಿ, ತಮ್ಮ ಹಾಳೆ ನೋಡಿ, ಮತ್ತೆ ಬೆನ್ನು ನೋಡಿ, "ಇದ್ರಲ್ಲಿ ನಂಬರ್ ಬರಿಯೋಕಷ್ಟೇ ಜಾಗ ಇದೆ ತಾಯಿ, ದಾಸವಾಳನ ಎಲ್ಲಿ ಬರೀಲಿ?" ಎಂದು ನಿಜಕ್ಕೂ ಸಂಕಟಪಟ್ಟರು. ಬರೆಯಲಿಲ್ಲ. ಹೆಂಗಸರ ಮೊದಲ ಬಹುಮಾನದ ಕುಕ್ಕರು, ನಮಗಿಂತ ಒಂಬತ್ತು ನಿಮಿಷ ತಡವಾಗಿ ಬಂದು ಸೋಫಾದ ಮೇಲೆ ಕೂತ ಕಾಲೇಜು ಹುಡುಗಿಯ ಪಾಲಾಯಿತು. ಅವಳ ಮೇಲೆ ನಮಗೆ ಕೋಪವಿಲ್ಲ, ಚೆನ್ನಾಗಿ ತುಳಿಯುತ್ತಾಳೆ, ಈಗ ಭಾನುವಾರ ನಮ್ಮ ಜೊತೆಗೇ ಬರುತ್ತಾಳೆ.

ಇಲ್ಲಿಯವರೆಗಿನದು ನಗುವ ವಿಷಯ, ನಾವೂ ಹೊಟ್ಟೆ ಹುಣ್ಣಾಗುವಷ್ಟು ನಕ್ಕಿದ್ದೇವೆ. ಮುಂದಿನದು ಹಾಗಲ್ಲ. ಪೋಸ್ಟಕ್ಕ ತಮ್ಮ ಸ್ಪರ್ಧೆಗೆ ಬಂದದ್ದು ಮೋಜಿಗಾಗಿ ಆಗಿರಲಿಲ್ಲ. ಅವಳ ಪೋಸ್ಟ್‌ಮಾಸ್ಟರು ದೂರದ ಬೀಟನ್ನು ಅವಳ ಕೈಯಿಂದ ತೆಗೆದು, ಒಳಗೆ ಕಾಗದಗಳಿಗೆ ಮುದ್ರೆ ಒತ್ತುವ ಮೇಜಿಗೆ ಅವಳನ್ನು ಕೂರಿಸಬೇಕೆಂದು ಯೋಚಿಸುತ್ತಿದ್ದರು. ಕಾರಣ ಕಾಳಜಿ. "ಹೆಣ್ಣುಮಗಳು ನೀನು, ಆ ಏರು ನಿನ್ ಕೈಲಿ ಎಷ್ಟು ದಿನ ಆಗುತ್ತೆ?" ಎಂದರಂತೆ, ಒಂಬತ್ತು ವರ್ಷ ಆ ಏರನ್ನು ದಿನವೂ ಹತ್ತಿದವಳಿಗೆ. ಅವಳು, "ಅರವತ್ತು ಕಿಲೋಮೀಟರ್ ಮುಗಿಸಿ ಸರ್ಟಿಫಿಕೇಟ್ ತಂದು ನಿಮ್ಮ ಟೇಬಲ್ ಮೇಲಿಡ್ತೀನಿ ಸಾರ್, ಆಮೇಲೆ ಮಾತಾಡೋಣ" ಎಂದು ಸವಾಲು ಹಾಕಿ ಬಂದಿದ್ದಳು.

ವಾರದ ಮೇಲೆ ತಮ್ಮ ಸಂಘದ ನಾಲ್ಕು ಲಕೋಟೆಗಳು ಅಂಚೆ ಕಚೇರಿಗೆ ಬಂದವು. ನಾಲ್ಕನ್ನೂ ಹಂಚಿದವಳು ಅವಳೇ. ಮೊದಲನೆಯದನ್ನು ತನಗೇ ತಾನು ಹಂಚಿಕೊಂಡು, ದಾರಿಯಲ್ಲಿ ಸೈಕಲ್ ನಿಲ್ಲಿಸಿ ಒಡೆದು ಓದಿದಳು. "ಐದು ಕಿಲೋಮೀಟರಿನ ಸೌಮ್ಯ ಸವಾರಿಯಲ್ಲಿ ಭಾಗವಹಿಸಿರುತ್ತಾರೆ. ಪೂರ್ಣಗೊಳಿಸಿರುವುದಿಲ್ಲ." ಉಳಿದ ಮೂರನ್ನೂ ನಮ್ಮ ನಮ್ಮ ಮನೆಗಳಿಗೆ ತಲುಪಿಸಿ, ಆ ದಿನದ ಬೀಟು ಮುಗಿಸಿಯೇ ವಾಪಸಾದಳು. ಸುಳ್ಳು ಹೇಳಲು ಬಾರದ ಹೆಂಗಸು, ಮಾತು ಕೊಟ್ಟಂತೆ ಆ ಕಾಗದವನ್ನು ತಂದು ಟೇಬಲ್ಲಿನ ಮೇಲೆ ಇಟ್ಟಳು. ಪೋಸ್ಟ್‌ಮಾಸ್ಟರು ಎರಡು ಸಲ ಓದಿ, "ಐದೂ ಆಗ್ಲಿಲ್ವಾ?" ಎಂದು ಕೇಳಿದರಂತೆ.

ನಾನು ತಮಗೆ ಆಗಲೇ ಒಂದು ಮನವಿ ಬರೆದಿದ್ದೆ. ತಾವು ತಡಮಾಡದೆ ಉತ್ತರಿಸಿದಿರಿ: ಐದನೆಯ ಕಿಲೋಮೀಟರಿನ ರಿಜಿಸ್ಟರಿನಲ್ಲಿ ಸಹಿ ಇಲ್ಲದ ಕಾರಣ ಏನೂ ಮಾಡುವಂತಿಲ್ಲ, ನಿರಾಶರಾಗದೆ ಮುಂದಿನ ವರ್ಷ ಅಭ್ಯಾಸ ಮಾಡಿಕೊಂಡು ಬನ್ನಿ, ಬರುವಾಗ ಮನೆಯವರ ಒಪ್ಪಿಗೆ ಪತ್ರ ತನ್ನಿ, ಪ್ರತಿ ಮಹಿಳೆಯ ಹಿಂದೆಯೂ ಒಬ್ಬ ಸ್ವಯಂಸೇವಕರನ್ನು ಕಳಿಸುತ್ತೇವೆ. ಅಂಗೈ ಹುಣ್ಣಿಗೆ ಕನ್ನಡಿ ಬೇಕೇ ಎಂದು ಕೇಳುತ್ತಾರೆ; ತಮಗೆ ಕನ್ನಡಿಯೂ ಬೇಕು, ಕನ್ನಡಿಯ ಮೇಲೆ ಸಹಿಯೂ ಬೇಕು. ಮೊನ್ನೆ ಸ್ಟಾಂಪು ಕೊಳ್ಳಲು ಹೋದಾಗ ಗಾಜಿನ ಆಚೆ ಅವಳನ್ನು ಕಂಡೆ. ಟ್ಯೂಬ್‌ಲೈಟಿನ ಕೆಳಗೆ ಸ್ಟೂಲಿನ ಮೇಲೆ ಕೂತು ಟಪ್ ಟಪ್ ಎಂದು ಮುದ್ರೆ ಒತ್ತುತ್ತಿದ್ದಳು. ನಾನು ಕೈ ಆಡಿಸಿದರೂ ತಲೆ ಎತ್ತಲಿಲ್ಲ. ಎರಡು ಭಾನುವಾರದಿಂದ ಸವಾರಿಗೂ ಬಂದಿಲ್ಲ, ಕಾಲು ನೋವು ಎಂದು ನೆಪ ಹೇಳುತ್ತಾಳೆ. ಅವಳ ಕಾಲು ನನಗೆ ಗೊತ್ತು, ಸ್ವಾಮಿ. ನನ್ನ ಕೋಪವನ್ನು ಎಷ್ಟು ವಿನಯದ ಮಾತಿನಲ್ಲಿ ಸುತ್ತಿದರೂ ಸುಡುತ್ತಲೇ ಇದೆ.

ಆದ್ದರಿಂದ ತಮ್ಮಲ್ಲಿ ಕೆಲವು ಸಣ್ಣ ಬಿನ್ನಹಗಳು. ಅರವತ್ತು ಎಂಬುದು ಐದಕ್ಕಿಂತ ಕಡಿಮೆ ಎಂದು ಸಂಘದ ಮುಂದಿನ ಸಭೆಯಲ್ಲಿ ಒಂದು ಠರಾವು ಮಾಡಬೇಕು. ಆಗ ನಾವು ಪೂರ್ಣಗೊಳಿಸಿಲ್ಲವೆಂಬ ತಮ್ಮ ಮಾತು ಉಳಿಯುತ್ತದೆ, ಲೆಕ್ಕದ ಮೇಡಂ ತಮಗೆ ಹೊಸ ಮಗ್ಗಿಯನ್ನು ಉಚಿತವಾಗಿ ಕಲಿಸುತ್ತಾರೆ. ಅದು ಕಷ್ಟವಾದರೆ ಐದನೆಯ ಕಿಲೋಮೀಟರಿಗೆ ಭೂಮಿಯನ್ನು ಕೊನೆಗೊಳಿಸಬೇಕು, ಅದರಾಚೆ ರಸ್ತೆ ಕಂಡರೆ ತಾನೇ ನಮ್ಮಂಥವರು ಹೋಗುವುದು. ನಮ್ಮ ಹಿಂದೆ ಕಳಿಸಲಿರುವ ಸ್ವಯಂಸೇವಕರು ನಮ್ಮ ಹಿಂದೆಯೇ ಇರಬಲ್ಲರೇ ಎಂದು ಒಮ್ಮೆ ಪರೀಕ್ಷಿಸಿಕೊಳ್ಳಬೇಕು, ಇಲ್ಲವಾದರೆ ಮುಂದಿನ ವರ್ಷ ತಾವು ಅವರನ್ನೂ ಹುಡುಕಬೇಕಾದೀತು. ಇವು ಯಾವುವೂ ಆಗದಿದ್ದರೆ, ಹನ್ನೊಂದನೆಯವಳಾಗಿ ಗೆರೆ ದಾಟಿದ್ದನ್ನು ಕಣ್ಣಾರೆ ಕಂಡ ಆ ಗುಮಾಸ್ತರನ್ನು ಕರೆಸಿ ಕೇಳಿ, ಅಂಚೆ ಹಂಚುವ ಈ ಹೆಂಗಸು ಅರವತ್ತು ಕಿಲೋಮೀಟರ್ ಮುಗಿಸಿದ್ದಾಳೆ ಎಂದು ಒಂದೇ ಒಂದು ಸಾಲು ಬರೆದು ಕೊಡಿ. ನಮ್ಮ ಮೂವರ ಹೆಸರು ಬೇಡ, ಕುಕ್ಕರೂ ಬೇಡ.

ತಮ್ಮ ಕಡತದ ಪ್ರಕಾರ ಇಂದಿಗೂ ಪತ್ತೆಯಾಗದ,
ತಮ್ಮ ವಿಶ್ವಾಸಿ,
ಸೂರ್ಯಕಾಂತಿ ಚೀಟಿಯವಳು

ಮರೆತ ಮಾತು: ಈ ಪತ್ರ ತಮಗೆ ಬಹಳ ತಡವಾಗಿ ತಲುಪಿದ್ದರೆ ಮನ್ನಿಸಬೇಕು. ಪೋಸ್ಟಕ್ಕನ ಬೀಟನ್ನು ಈಗ ಮೋಟಾರ್ ಬೈಕಿರುವ ಇಬ್ಬರು ಗಂಡಸರಿಗೆ ಹಂಚಿದ್ದಾರೆ. ಗುಡ್ಡದ ಮನೆಗಳು ನಿನ್ನ ಪಾಲು, ನಿನ್ನ ಪಾಲು ಎಂದು ಇಬ್ಬರೂ ಜಗಳವಾಡಿ, ಅಲ್ಲಿಯ ಕಾಗದಗಳನ್ನೆಲ್ಲ ಕೆಳಗಿನ ಕಟ್ಟೆಯ ಮೇಲೆ ಕಲ್ಲು ಹೇರಿ ಇಟ್ಟು ಹೋಗುತ್ತಾರಂತೆ. ತಮ್ಮ ಮನೆ ಗುಡ್ಡದ ತುದಿಯಲ್ಲಿದೆ ಎಂದು ಅವಳೇ ಹೇಳಿದ್ದು. ಒಂಬತ್ತು ವರ್ಷದಲ್ಲಿ ತಮ್ಮ ಕಾಗದ ಒಂದು ದಿನವೂ ತಪ್ಪಿಲ್ಲವಂತೆ.