ಫ್ಲೂ ಮಾತ್ರೆ ಮಾರುವವನಿಗೆ ಫ್ಲೂ ಬಂದಾಗ

ಶಿರಾ ಗೇಟ್ ಹತ್ರ ಇಪ್ಪತ್ತೆರಡು ವರ್ಷದಿಂದ ಮೆಡಿಕಲ್ ಸ್ಟೋರ್ ನಡೆಸ್ತಿದೀನಿ. ಜನ ಕಾಯಿಲೆ ಹೊತ್ಕೊಂಡು ಬರ್ತಾರೆ, ಹೋಗುವಾಗ ನನಗೊಂದು ನಗು ಬಿಟ್ಟು ಹೋಗ್ತಾರೆ. ಫ್ಲೂ ಸೀಸನ್ನಲ್ಲಂತೂ ದಿನಕ್ಕೊಂದು. ಬೇಜಾರೇನಂದ್ರೆ, ಆ ನಗು ಹಂಚ್ಕೊಳ್ಳೋಕೆ ಮನೇಲಿ ಯಾರೂ ಇಲ್ಲ. ಮದುವೆ ಆಗಲಿಲ್ಲ. ಅಂಗಡಿ ಮೇಲೇ ಒಂದು ರೂಮು, ಒಂದು ಪುಟ್ಟ ಕುಕ್ಕರ್ರು. ಶಟರ್ ಎಳೆದ್ರೆ ಮಾರನೇ ದಿನದ ತನಕ ನನ್ನ ಜೊತೆ ಮಾತಾಡೋ ಜೀವ ಇಲ್ಲ. ಅದಕ್ಕೇ ಕೌಂಟರಿಗೆ ಬಂದವರನ್ನ ಬೇಗ ಬಿಡಲ್ಲ ನಾನು. ಫ್ಲೂ ಚೀಟಿ ತಂದವರು ವೈರಸ್ಸಿನ ಪೂರ್ತಿ ಪುರಾಣ ಕೇಳ್ಕೊಂಡೇ ಹೋಗ್ಬೇಕು.

ತಲೆಗೆ ಎರಡು

ಗುಬ್ಬಿ ಕಡೆಯ ಯಜಮಾನರೊಬ್ಬರು, ತೆಂಗಿನ ತೋಟದವರು. ಹೆಂಡ್ತಿಗೆ ಫ್ಲೂ. ಡಾಕ್ಟರು ಹತ್ತು ಕ್ಯಾಪ್ಸೂಲ್ ಬರೆದಿದ್ರು: ಬೆಳಿಗ್ಗೆ ಒಂದು, ರಾತ್ರಿ ಒಂದು, ಐದು ದಿನ.

"ಜ್ವರ ಬಂದ ಎರಡು ದಿನದೊಳಗೆ ಶುರು ಮಾಡಿದ್ರೇನೇ ಇದು ಚೆನ್ನಾಗಿ ಕೆಲಸ ಮಾಡೋದು. ಮಧ್ಯ ನಿಲ್ಲಿಸ್ಬೇಡಿ" ಅಂದೆ. ತಲೆ ಆಡಿಸಿದ್ರು.

ಮಾರನೇ ದಿನ ಸಂಜೆ ಮತ್ತೆ ಹಾಜರು. "ಮಾತ್ರೆ ಖಾಲಿ ಸಾರ್. ಅವಳಿಗೆ ಇನ್ನೂ ಸುಸ್ತು."

"ಹತ್ತೂ ನುಂಗಿಸಿಬಿಟ್ರಾ?"

"ಛೆ ಛೆ, ಅವಳು ತಗೊಂಡಿದ್ದು ಎರಡೇ. ಮನೇಲಿ ಐದು ಜನ ಇದೀವಿ, ತಲೆಗೆ ಎರಡು. ಒಳ್ಳೇ ಮಾತ್ರೆ ಅತ್ತೆ ಒಬ್ಳೇ ತಿಂದ್ಲು ಅಂತ ಸೊಸೆ ಬೇಜಾರು ಮಾಡ್ಕೊಂಡ್ರೆ?"

"ಇದೇನ್ರೀ, ಮೈಸೂರ್ ಪಾಕಾ ಪಾಲು ಹಾಕೋಕೆ? ಮೊದ್ಲು ಡಾಕ್ಟರ ಹತ್ರ ಹೋಗಿ!" ಅಂತ ಬೈದೆ. ಬೈತಾ ಬೈತಾ ಹೊಟ್ಟೆಕಿಚ್ಚೂ ಆಯ್ತು. ನನ್ನ ಮಾತ್ರೇಲಿ ಪಾಲು ಕೇಳೋರು ಯಾರಿದ್ದಾರೆ?

ಮೆಟ್ಟಿಲಿಳಿದವರು ತಿರುಗಿ ಅಂದ್ರು: "ಈ ಸಲ ಹದಿನಾಲ್ಕು ಬರೆಸ್ಕೊಂಡು ಬರ್ತೀನಿ ಬುಡಿ. ಮಗಳು ಅಳಿಯ ಬಂದವ್ರೆ."

ಮಷಿನ್ ಯಾರದು?

ವಸಂತನರಸಾಪುರದ ಫ್ಯಾಕ್ಟರಿಯಲ್ಲಿ ಕೆಲಸ ಮಾಡೋ ಒಬ್ಬರು ಚೀಟಿ ತಂದ್ರು. ಅಂಗಡೀಲಿ ಬೇರೆ ಯಾರೂ ಇರ್ಲಿಲ್ಲ. ನಾನು ಶುರು ಹಚ್ಕೊಂಡೆ.

"ನೋಡಪ್ಪಾ, ವೈರಸ್ಸಿಗೆ ತನ್ನ ಮರಿ ತಾನೇ ಮಾಡ್ಕೊಳ್ಳೋ ಯೋಗ್ಯತೆ ಇಲ್ಲ. ಮೂಗು ಗಂಟಲಿನ ಜೀವಕೋಶದೊಳಗೆ ನುಗ್ಗುತ್ತೆ. ಅಲ್ಲಿರೋ ವ್ಯವಸ್ಥೆ ಕೈಲೇ ತನ್ನ ಕಾಪಿ ಮಾಡಿಸ್ಕೊಳ್ಳುತ್ತೆ, ಒಂದಲ್ಲ ಎರಡಲ್ಲ, ರಾಶಿ ರಾಶಿ."

"ಕಾಂಟ್ರಾಕ್ಟರ್ ಸಾರ್ ಅದು!" ಅಂದ್ರು. "ಮಷಿನ್ ನಮ್ದು, ಕರೆಂಟ್ ನಮ್ದು, ಮಾಲು ಮಾತ್ರ ಅವನ್ದು."

"ಹೂಂ ಕಣಪ್ಪಾ. ಆದ್ರೆ ಹೊಸ ವೈರಸ್ಸು ಹೊರಗೆ ಬರುವಾಗ ಜೀವಕೋಶಕ್ಕೇ ಅಂಟ್ಕೊಳ್ಳುತ್ತೆ. ಆ ಅಂಟು ಬಿಡಿಸ್ಕೊಳ್ಳೋಕೆ ಅದರ ಹತ್ರ ಕತ್ತರಿ ಥರ ಒಂದು ಸಾಮಾನಿದೆ. ಈ ಮಾತ್ರೆ ಹೋಗಿ ಕತ್ತರಿ ಬಾಯಿಗೇ ಸಿಕ್ಕಾಕ್ಕೊಳ್ಳುತ್ತೆ. ಕತ್ತರಿ ಆಡಲ್ಲ, ವೈರಸ್ಸು ಮುಂದಿನ ಜೀವಕೋಶಕ್ಕೆ ಹೋಗೋಕಾಗಲ್ಲ. ಒಳಗೆ ಕಾಪಿ ಆಗೋದನ್ನೇ ತಡೆಯೋ ಮಾತ್ರೆ ಬೇರೆ ಇದೆ."

"ಅಂದ್ರೆ ಮಾಲು ರೆಡಿ, ಗೇಟ್ ಪಾಸ್ ಇಲ್ಲ."

ಇಷ್ಟು ವರ್ಷದಲ್ಲಿ ಇಷ್ಟು ಚೆನ್ನಾಗಿ ಅರ್ಥ ಮಾಡ್ಕೊಂಡೋರು ಇವರೊಬ್ಬರೇ. ಖುಷಿಗೆ ಇನ್ನೊಂದ್ಹತ್ತು ನಿಮಿಷ ಕೂರಿಸ್ಕೊಳ್ಳೋಣ ಅಂತ ಸ್ಟೂಲ್ ಎಳೆದೆ. ಅವರು ಕೂರಲಿಲ್ಲ. ಕೌಂಟರಿಗೆ ಬಗ್ಗಿ ಮೆಲ್ಲಗೆ ಕೇಳಿದ್ರು: "ನಮ್ಮ ಸೂಪರ್‌ವೈಸರಿಗೆ ಹಾಕೋ ಇಂಥ ಮಾತ್ರೆ ಇದ್ರೆ ಕೊಡಿ ಸಾರ್. ಚೀಟಿ ನಾಳೆ ತರ್ತೀನಿ."

ಮನೇಲಿ ಯಾರಿದ್ದಾರೆ?

ಊರಿಗೆಲ್ಲ ಫ್ಲೂ ಮಾತ್ರೆ ಕೊಟ್ಟ ನನಗೇ ಫ್ಲೂ ಬಂತು. ಮೈ ಕೆಂಡ. ನೀರು ಬೇಕಾದ್ರೆ ನಾನೇ ಏಳ್ಬೇಕು, ಏಳೋಕಾಗಲ್ಲ. ಎರಡನೇ ದಿನ ಮಧ್ಯಾಹ್ನ ಆಯ್ತು, ಇನ್ನು ತಡ ಮಾಡೋ ಹಾಗಿಲ್ಲ. ಕೆಳಗೆ ಅಂಗಡೀಲಿ ಮಾತ್ರೆ ತುಂಬಿದೆ, ಆದ್ರೆ ಚೀಟಿ ಇಲ್ಲದೆ ಕೊಡಲ್ಲ ಅಂತ ಬೋರ್ಡ್ ಹಾಕಿರೋನು ನಾನೇ. ಪಕ್ಕದ ರಸ್ತೆಗೆ ಹೊಸದಾಗಿ ಬಂದ ಡಾಕ್ಟರಮ್ಮ ಅವತ್ತು ಕುಣಿಗಲ್ಲಿನ ತವರಿಗೆ ಹೋಗಿದ್ರು. ಫೋನ್ ಮಾಡಿದೆ.

ಎಲ್ಲ ವಿಚಾರಿಸಿ ಕೊನೇಗೆ ಕೇಳಿದ್ರು: "ಮನೇಲಿ ಯಾರಿದ್ದಾರೆ? ಉಸಿರಾಟಕ್ಕೆ ತೊಂದ್ರೆ ಆದ್ರೆ ಆಸ್ಪತ್ರೆಗೆ ಕರ್ಕೊಂಡು ಹೋಗೋರು ಬೇಕು."

ಯಾರೂ ಇಲ್ಲ ಅನ್ನೋಕೆ ನಾಲಿಗೆ ಏಳಲಿಲ್ಲ. ಅಷ್ಟು ನಾಚಿಕೆ ಆಯ್ತು. "ಹೆಂಡ್ತಿ ಇದ್ದಾಳೆ" ಅಂದುಬಿಟ್ಟೆ.

"ಫೋನ್ ಕೊಡಿ ಅವರಿಗೆ."

ಕೆಟ್ಟೆನಲ್ಲಪ್ಪಾ! ಟವೆಲ್ ಬಾಯಿಗಿಟ್ಕೊಂಡು, ದನಿ ಸಣ್ಣ ಮಾಡಿ, "ನಮಸ್ಕಾರ ಡಾಕ್ಟ್ರೇ" ಅಂದೆ.

"ಅಯ್ಯೋ, ನಿಮ್ಮ ಗಂಟಲೂ ಪೂರ್ತಿ ಕೆಟ್ಟಿದೆಯಲ್ಲಮ್ಮಾ! ಜ್ವರಾನೂ ಇದೆಯಾ?"

"ಇದೆ." ಅದೊಂದು ಮಾತು ನಿಜ.

"ನಿಮಗೂ ಒಂದು ಕೋರ್ಸ್ ಬರೀತೀನಿ. ಹೆಸರು ಹೇಳಿ."

ಐವತ್ಮೂರು ವರ್ಷಕ್ಕೆ ಹೆಂಡತಿಗೊಂದು ಹೆಸರು ಹುಡುಕೋ ಯೋಗ ಬಂತು. ಗೋಡೆ ಕ್ಯಾಲೆಂಡರಿನಲ್ಲಿ ಲಕ್ಷ್ಮಿ ಕೂತಿದ್ಲು. "ಲಕ್ಷ್ಮಿ" ಅಂದೆ. ವಯಸ್ಸು ಕೇಳಿದ್ರು, ಅದು ಕ್ಯಾಲೆಂಡರಿನಲ್ಲಿ ಇರ್ಲಿಲ್ಲ. ನಲವತ್ತೆಂಟು ಅಂದೆ.

ವಾಟ್ಸಾಪಲ್ಲಿ ಎರಡು ಚೀಟಿ ಬಂತು. ನಂದು ತಗೊಂಡೆ, ಅವಳದು ಷೆಲ್ಫಲ್ಲೇ ಬಿಟ್ಟೆ. ಆಮೇಲೆ ದಿನಾ ಸಂಜೆ ಆರಕ್ಕೆ ಡಾಕ್ಟರಮ್ಮ ಫೋನ್ ಮಾಡೋರು. ಊಟ ಆಯ್ತಾ, ನೀರು ಕುಡಿದ್ರಾ, ಇಷ್ಟೇ. ಹಾಗೆ ಕೇಳಿಸ್ಕೊಂಡು ಎಷ್ಟೋ ವರ್ಷ ಆಗಿತ್ತು. ಐದೂವರೆಗೇ ಮುಖ ತೊಳೆದು, ಷರಟು ಹಾಕ್ಕೊಂಡು ಕೂತಿರ್ತಿದ್ದೆ.

ಆರನೇ ದಿನ ಕೇಳಿದ್ರು: "ಈಗ ಪೂರ್ತಿ ಆರಾಮಾ?"

"ಪೂರ್ತಿ ಆರಾಮು ಡಾಕ್ಟ್ರೇ. ನಾಳೆ ಅಂಗಡಿ ತೆಗೀತೀನಿ."

"ಸಂತೋಷ. ಹಾಗಾದ್ರೆ ನಾಳೆಯಿಂದ ಫೋನ್ ಮಾಡಲ್ಲ. ಲಕ್ಷ್ಮಮ್ಮನೋರೂ ಹುಷಾರಾದ್ರು ತಾನೇ?"

ಗೋಡೆ ಕ್ಯಾಲೆಂಡರ್ ಕಡೆ ನೋಡಿದೆ.

"ಇಲ್ಲ ಡಾಕ್ಟ್ರೇ" ಅಂದೆ. "ಅವಳಿಗೆ ಇನ್ನೂ ಸ್ವಲ್ಪ ಕೆಮ್ಮಿದೆ."