ಗಡಿ ಕಲ್ಲು ಮತ್ತು ಪಿನಕ್ ಅವರ ಜಾಗ

ಥಾರ್ಪ್ಲಿ ಊರಿನ ಸುದ್ದಿಪತ್ರದ ಕೊನೆಯ ಪುಟದಲ್ಲಿ ನಾಲ್ಕು ಬೆರಳಗಲದ ಜಾಗ ಖಾಲಿ ಉಳಿಯದಿದ್ದರೆ ವಿಲ್ಫ್ರೆಡ್ ಪಿನಕ್ ಅವರ ಹಿಂಭಾಗಕ್ಕೆ ಆ ಗತಿ ಬರುತ್ತಿರಲಿಲ್ಲ. ಪಂಚಾಯಿತಿಯ ಗುಮಾಸ್ತರೂ ಅವರೇ, ಪತ್ರದ ಸಂಪಾದಕರೂ ಅವರೇ. ಆ ಸಲದ ಮುಖ್ಯ ಸುದ್ದಿ ಗಂಭೀರವಾದದ್ದು: ಊರ ಸ್ಮಶಾನ ತುಂಬುತ್ತಿದೆ, ಇನ್ನು ಮುಂದೆ ಗಡಿಯೊಳಗೆ ಮನೆಯಿದ್ದವರಿಗೆ ಮಾತ್ರ ಅಲ್ಲಿ ಜಾಗ. ಪಟ್ಟು ಹಿಡಿದು ಈ ನಿಯಮ ಮಾಡಿಸಿದವರು ಪಿನಕ್. ಸ್ಮಶಾನದ ಯೂ ಮರದ ಕೆಳಗೆ, ತೀರಿಕೊಂಡ ಹೆಂಡತಿ ಡೋರೀನಳ ಪಕ್ಕದಲ್ಲಿ ಒಂದೇ ಒಂದು ಜಾಗ ಉಳಿದಿತ್ತು. ನೆರೆಯ ಮಾರ್ಕ್‌ವುಡ್‌ನವರು ಯಾರಾದರೂ ಬಂದು ಅಲ್ಲಿ ಮಲಗಿಬಿಟ್ಟರೆ ಎಂಬ ಭಯ ಅವರಿಗೆ. ಅಲ್ಲಿನ ಹುಲ್ಲನ್ನು ತಾವೇ ವಾರವಾರ ಕತ್ತರಿಸಿ ಬರುತ್ತಿದ್ದರು. ಈ ಲೋಕದಲ್ಲಿ ಅವರಿಗೆ ಬೇಕಾಗಿದ್ದದ್ದು ಅಷ್ಟೇ.

ಖಾಲಿ ಜಾಗಕ್ಕೆ ಏನು ಹಾಕುವುದೆಂದು ತೋಚದೆ ಅವರು ಹೀಗೆ ಗೀಚಿದರು: 'ನಮ್ಮ ಹಿರಿಯರು ಊರ ಗಡಿ ಸುತ್ತಿ, ಒಂದೊಂದು ಗಡಿ ಕಲ್ಲಿಗೂ ಒಬ್ಬ ಹುಡುಗನನ್ನು ಎತ್ತಿ ಕುಕ್ಕುತ್ತಿದ್ದರು. ಪೆಟ್ಟು ತಿಂದವನು ಗಡಿ ಮರೆಯುವುದಿಲ್ಲವೆಂದು ನಂಬಿಕೆ. ಈ ಪದ್ಧತಿ ನಿಂತುಹೋದದ್ದು ವಿಷಾದ.'

ಪಂಚಾಯಿತಿ ಅಧ್ಯಕ್ಷೆ ಹೆಸ್ಟರ್ ಟ್ರಬ್‌ಶಾ ಅದನ್ನು ಓದಿದರು. ಪರಂಪರೆ ಎಂದರೆ ಆಕೆ ಊಟ ಬಿಟ್ಟು ಏಳುವವರು. ಮುಂದಿನ ಭಾನುವಾರವೇ ಗಡಿ ಸುತ್ತಲು ಊರಿಗೆ ಊರೇ ಕೈಯಲ್ಲಿ ಕೋಲು ಹಿಡಿದು ಚರ್ಚಿನ ಮುಂದೆ ಸೇರಿತು.

"ಕುಕ್ಕೋದಕ್ಕೆ ಹುಡುಗ ಎಲ್ಲಿ?" ಎಂದು ಪಾದ್ರಿ ಫಿಲಿಪ್ಪಾ ಕೇಳಿದರು.

"ಮಕ್ಕಳನ್ನ ಮುಟ್ಟಿದ್ರೆ ವಿಮೆಯವರು ಒಪ್ಪಲ್ಲ," ಎಂದರು ಹೆಸ್ಟರ್. "ವಿಮೆ ಇರೋದು ಪಂಚಾಯಿತಿ ನೌಕರರಿಗೆ ಮಾತ್ರ."

ಪಂಚಾಯಿತಿಗೆ ಇದ್ದದ್ದು ಒಬ್ಬರೇ ನೌಕರರು. ಎಲ್ಲರೂ ಅವರ ಕಡೆ ತಿರುಗಿದರು.

"ಮೇಡಂ, ನನಗೆ ಮಂಡಿ ನೋವು!"

"ನಾವು ಮಂಡಿ ತಂಟೆಗೆ ಬರಲ್ಲ, ಮಿಸ್ಟರ್ ಪಿನಕ್. ವಿಷಾದ ಅಂತ ಬರೆದೋರು ನೀವೇ ತಾನೆ?"

ಮೊದಲ ಕಲ್ಲಿನ ಬಳಿ ಪಾದ್ರಿ ಪ್ರಾರ್ಥನೆ ಹೇಳಿದರು. ಎಲ್ಲರೂ ಟೋಪಿ ತೆಗೆದು ತಲೆ ಬಾಗಿಸಿದರು. ಆಮೇಲೆ ಅಷ್ಟೇ ಭಕ್ತಿಯಿಂದ ಪಿನಕ್ ಅವರ ಕೈಕಾಲು ಹಿಡಿದೆತ್ತಿ ಗೋಧಿ ಮೂಟೆಯಂತೆ ಕಲ್ಲಿನ ಮೇಲೆ ಕುಕ್ಕಿದರು. ಒಬ್ಬರೂ ನಗಲಿಲ್ಲ. ನಕ್ಕಿದ್ದರಾದರೂ ಅವರಿಗೆ ಅಷ್ಟು ನೋವಾಗುತ್ತಿರಲಿಲ್ಲವೇನೋ.

ಎರಡನೆಯ ಕಲ್ಲು ತುರಿಕೆ ಸೊಪ್ಪಿನ ನಡುವೆ ಇತ್ತು. ಮೂರನೆಯದು ಹಳ್ಳದ ನೀರಲ್ಲಿ. "ಇನ್ನೂ ಸ್ವಲ್ಪ ಮೇಲಿಂದ ಬಿಡ್ರಪ್ಪ, ಹೀಗಾದ್ರೆ ನೆನಪು ನಿಲ್ಲಲ್ಲ," ಎಂದು ಮುದುಕಿಯೊಬ್ಬಳು ಸಲಹೆ ಕೊಟ್ಟಳು. ಕೊನೆಯ ಕಲ್ಲಿನ ಹೊತ್ತಿಗೆ ಪಿನಕ್ ಒದ್ದೆ ಮುದ್ದೆಯಾಗಿ ಕಾಲು ಅಗಲಿಸಿಕೊಂಡು ನಡೆಯುತ್ತಿದ್ದರು.

ಆ ಕಲ್ಲು ಅವರ ಮನೆಯಾಚೆ, ಗಿರಣಿ ದಾರಿಯ ತುದಿಯಲ್ಲಿದೆ ಎಂದೇ ಎಲ್ಲರ ನಂಬಿಕೆ. ಹೋಗಿ ನೋಡಿದರೆ ಅಲ್ಲಿ ಬರೀ ಹುಲ್ಲು.

"ಇದು ಮಾರ್ಕ್‌ವುಡ್‌ನವರ ಕೈವಾಡ!" ಪಿನಕ್ ನೋವು ಮರೆತು ಕೂಗಿದರು. "ಕಲ್ಲನ್ನ ಹುಡುಕಿ, ಮೊದಲೆಲ್ಲಿತ್ತೋ ಅಲ್ಲೇ ನೆಡಬೇಕು. ಈಗಲೇ ನಿರ್ಣಯ ಮಾಡಿ, ಮೇಡಂ!"

ಎಲ್ಲ ಕೈಗಳೂ ಮೇಲೆದ್ದವು. ಬೆಳಗಿನಿಂದ ತುಟಿ ಬಿಚ್ಚದಿದ್ದ ರೈತ ರಾನ್ ಗ್ಯಾಸ್ಕಿನ್ ಆಗ ಕೆಮ್ಮಿದ.

"ಯಾರೂ ಕದ್ದಿಲ್ಲ. ನಿಮ್ಮ ತೋಟದಲ್ಲೇ ಇದೆ. ಗುಲಾಬಿ ಗಿಡದ ಹತ್ರ ದಿನಾ ಅದರ ಮೇಲೇ ಕೂತು ಟೀ ಕುಡೀತೀರಲ್ಲ."

"ಅದು ಡೋರೀನ್ ತರಿಸಿದ್ದ ಕಲ್ಲಯ್ಯಾ!"

"ಹೂಂ, ಕೂರಕ್ಕೊಂದು ಕಲ್ಲು ಬೇಕು ರಾನ್ ಅಂದ್ರು. ಟ್ರ್ಯಾಕ್ಟರಲ್ಲಿ ಎಳ್ಕೊಂಡು ಬಂದೋನು ನಾನೇ. ಕೇಕ್ ಕೊಟ್ರು."

"ಇಷ್ಟು ವರ್ಷ ಯಾಕಯ್ಯಾ ಹೇಳ್ಲಿಲ್ಲ?"

"ಯಾರೂ ಕೇಳ್ಲಿಲ್ಲ."

"ಮೊದಲು ಎಲ್ಲಿತ್ತು ಅಂತ ನೆನಪಿದೆಯಾ?" ಎಂದರು ಹೆಸ್ಟರ್.

"ಚಿಕ್ಕೋನಿದ್ದಾಗ ಅದಕ್ಕೆ ಕುಕ್ಕಿದ್ದು ನನ್ನನ್ನೇ. ಮರೆಯೋದು ಹೇಗೆ?"

ರಾನ್ ಬಂದ ದಾರಿಯಲ್ಲೇ ಹಿಂದಕ್ಕೆ ನಡೆದ. ಪಿನಕ್ ಅವರ ಗೇಟು ದಾಟಿ ಚರ್ಚಿನ ಕಡೆ ಇನ್ನೂ ಸ್ವಲ್ಪ ಹೋಗಿ, ಒಂದು ಮರದ ಬುಡದಲ್ಲಿ ಕೋಲು ಊರಿದ. ಎಲ್ಲರೂ ಅಲ್ಲಿ ನಿಂತು ಹಿಂದಿರುಗಿ ನೋಡಿದರು. ಪಿನಕ್ ಅವರ ಮನೆ ಕೋಲಿನ ಆಚೆ ಇತ್ತು.

"ಅಂದ್ರೆ ನನ್ನ ಮನೆ..."

"ಮಾರ್ಕ್‌ವುಡ್‌ಗೆ ಸೇರಿದ್ದು," ಎಂದರು ಹೆಸ್ಟರ್, ಸಾವಿನ ಸುದ್ದಿ ಹೇಳುವ ದನಿಯಲ್ಲಿ.

"ಹಾಗಾದ್ರೆ ಡೋರೀನ್?"

"ಒಳಗೆ ಹೋದೋರನ್ನ ಎಬ್ಬಿಸೋ ಪದ್ಧತಿ ನಮ್ಮಲ್ಲಿಲ್ಲ. ನೀವಿನ್ನೂ ಹೊರಗಿದ್ದೀರಿ, ಮಿಸ್ಟರ್ ಪಿನಕ್. ನಿಯಮ ಮಾಡ್ಸಿದ್ದೂ ನೀವೇ."

ರಾನ್ ಮತ್ತೆ ಕೆಮ್ಮಿದ. "ಯೂ ಮರದ ಕೆಳಗಿನ ಆ ಜಾಗ ಖಾಲಿ ಅಂತಾದ್ರೆ ನನ್ನ ಹೆಸರು ಹಾಕ್ಕೊಳ್ಳಿ."

ಟ್ರ್ಯಾಕ್ಟರ್ ಬಂತು. ಕಲ್ಲು ತನ್ನ ಹಳೆಯ ಜಾಗ ಸೇರಿತು. ಪಾದ್ರಿ ಪ್ರಾರ್ಥನೆ ಮುಗಿಸಿದ ಮೇಲೆ ಪಿನಕ್ ಅವರನ್ನು ಕೊನೆಯ ಸಲ ಎತ್ತಿದರು. ಈ ಸಲ ಅವರು ಬೇಡವೆನ್ನಲಿಲ್ಲ.

ಸಂಜೆ ಅವರು ಕತ್ತರಿ ಹಿಡಿದು ಯೂ ಮರದ ಕೆಳಗೆ ಹೋದರು. ಡೋರೀನಳ ಮೇಲಿನ ಹುಲ್ಲು ಕತ್ತರಿಸಿದರು. ಪಕ್ಕದ ಜಾಗದ್ದನ್ನೂ ಕತ್ತರಿಸಿದರು, ಅಭ್ಯಾಸ ಬಿಡಲಿಲ್ಲ. ಕೂರಲು ಆಗದೆ ನಿಂತೇ ಇದ್ದರು.

"ಕಲ್ಲು ಬೇಕು ಅಂತ ನನಗೆ ಒಂದು ಮಾತು ಹೇಳಿದ್ರೆ ನಾನೇ ಎಲ್ಲಿಂದಾದ್ರೂ ತರ್ತಿರಲಿಲ್ವೇನೇ?"

ಕೇಳಿದ ಮೇಲೆ ನೆನಪಾಯಿತು. ಅವಳು ಹೇಳಿದ್ದಳು. ಸುದ್ದಿಪತ್ರದ ಯಾವುದೋ ಖಾಲಿ ಜಾಗ ತುಂಬಿಸುತ್ತಾ, ತಲೆ ಎತ್ತದೆ, ಅವರೇ ಅಂದಿದ್ದರು: "ರಾನ್‌ಗೆ ಹೇಳು."